ವೈಫೈ ಸಿಗುತ್ತಿಲ್ಲವೇ? ರೂಟರಿನ ಆ ತೂತಿಗೆ ಪಿನ್ನು ಚುಚ್ಚಬೇಡಿ

ಮಡಿಕೇರಿಯಾಗಲಿ, ನಾಪೋಕ್ಲು, ಪೊನ್ನಂಪೇಟೆಯಾಗಲಿ, ಮಳೆ ಹಿಡಿಯಿತೆಂದರೆ ಕಿವಿಗೆ ಬೀಳುವ ದೂರು ಒಂದೇ: ರೂಟರಿನಲ್ಲಿ ಲೈಟು ಉರಿಯುತ್ತಿದೆ, ಕಂಪ್ಯೂಟರಿಗೆ ಮಾತ್ರ ನೆಟ್ ಬರುತ್ತಿಲ್ಲ. ಆಗ ಮನೆಯವರು ಮಾಡುವ ಕೆಲಸವೂ ಒಂದೇ. ಸೇಫ್ಟಿ ಪಿನ್ನು ತಂದು ರೂಟರಿನ ಹಿಂದಿರುವ ಸಣ್ಣ ತೂತಿಗೆ ಚುಚ್ಚಿ ಹಿಡಿಯುತ್ತಾರೆ. ದಯವಿಟ್ಟು ಬೇಡ. ಅದು ರೀಸ್ಟಾರ್ಟ್ ಅಲ್ಲ, ರೀಸೆಟ್. ನಿಮ್ಮ ವೈಫೈ ಹೆಸರು, ಪಾಸ್‌ವರ್ಡ್ ಅಷ್ಟೇ ಅಲ್ಲ, ಲೈನ್ ಕೊಟ್ಟವರು ತುಂಬಿಸಿಟ್ಟ ಸೆಟ್ಟಿಂಗುಗಳೂ ಅಳಿಸಿಹೋಗಬಹುದು. ಹತ್ತು ನಿಮಿಷದಲ್ಲಿ ಮುಗಿಯಬೇಕಿದ್ದ ಕೆಲಸಕ್ಕೆ ಲೈನಿನವರ ದಾರಿ ಕಾಯಬೇಕು. ಕೊಡಗಿನ ಕಕ್ಕಡ ಮಾಸದ (ಜುಲೈ-ಆಗಸ್ಟ್) ಮಳೆಯಲ್ಲಿ ಅವರಾದರೂ ಎಷ್ಟು ಮನೆಗೆ ಓಡಿಯಾರು?

ತೊಂದರೆ ಲೈನಿನಲ್ಲೋ, ರೂಟರಿನಲ್ಲೋ, ಕಂಪ್ಯೂಟರಿನಲ್ಲೋ ಎಂದು ಗೊತ್ತಾಗುವ ತನಕ ಯಾವುದಕ್ಕೂ ಕೈ ಹಚ್ಚಬಾರದು.

ಹಂತ 1: ಮೊಬೈಲಿನಲ್ಲಿ ನೋಡಿ. ಅದೇ ವೈಫೈಗೆ ಮೊಬೈಲ್ ಸೇರಿಸಿ ಯಾವುದಾದರೂ ಹೊಸ ಪುಟ ತೆರೆಯಿರಿ. ಮೊಬೈಲ್ ಡೇಟಾ ಆಫ್ ಆಗಿರಲೇಬೇಕು. ಇಲ್ಲದಿದ್ದರೆ ಸಿಮ್ಮಿನ ನೆಟ್ಟನ್ನೇ ವೈಫೈ ಎಂದುಕೊಂಡು ದಾರಿ ತಪ್ಪುತ್ತೀರಿ.

ಹಂತ 2: ಮೊಬೈಲಿಗೂ ಬರುತ್ತಿಲ್ಲವಾದರೆ ಫೈಬರ್ ಪೆಟ್ಟಿಗೆಯ (ಹೊರಗಿನ ಕೇಬಲ್ ಬಂದು ಸೇರುವ ಪೆಟ್ಟಿಗೆ) ಮೇಲೆ 'ಎಲ್‌ಒಎಸ್' (LOS) ಎಂದಿರುವ ದೀಪ ನೋಡಿ. ಅದು ಕೆಂಪಗಿದ್ದರೆ ಬೆಳಕಿನ ಸಂಕೇತ ನಿಮ್ಮ ಮನೆಗೆ ಮುಟ್ಟುತ್ತಿಲ್ಲ ಎಂದರ್ಥ. ನಮ್ಮಲ್ಲಿ ಕೇಬಲ್ ಬರುವುದೇ ಕಂಬದಿಂದ ಕಂಬಕ್ಕೆ, ಸಿಲ್ವರ್ ಮರದ ಪಕ್ಕದಲ್ಲಿ. ಒಂದು ಕೊಂಬೆ ಮುರಿದು ಬಿದ್ದರೂ ಸಾಕು. ದೂರು ಕೊಟ್ಟು ಸುಮ್ಮನಿರಿ. ಪೆಟ್ಟಿಗೆಗೆ ಬರುವ ತೆಳು ವೈರನ್ನು ಮಡಚುವುದು, ಅದರ ಹಸಿರು ತುದಿಯನ್ನು ಎಳೆದು ಕಣ್ಣಿನ ಹತ್ತಿರ ಹಿಡಿಯುವುದು ಬೇಡ. ಒಳಗಿನ ಲೇಸರ್ ಬೆಳಕು ಕಣ್ಣಿಗೆ ಕಾಣದು, ಆದರೆ ಕಣ್ಣಿಗೆ ಒಳ್ಳೆಯದಲ್ಲ.

ಕೆಂಪು ಇಲ್ಲದಿದ್ದರೆ ಪ್ಲಗ್ ಕಿತ್ತು, ಅರ್ಧ ನಿಮಿಷ ಬಿಟ್ಟು ಹಾಕಿ. ಫೈಬರ್ ಪೆಟ್ಟಿಗೆ ಮತ್ತು ರೂಟರ್ ಬೇರೆ ಬೇರೆ ಇದ್ದರೆ ಮೊದಲು ಪೆಟ್ಟಿಗೆ, ಅದರ ದೀಪ ಮಿನುಗುವುದು ನಿಂತು ಒಂದೇ ಸಮ ಉರಿದ ಮೇಲೆ ರೂಟರ್.

ಹಂತ 3: ಮೊಬೈಲಿಗೆ ಬರುತ್ತಿದೆ, ಕಂಪ್ಯೂಟರಿಗೆ ಇಲ್ಲ. ಏರೋಪ್ಲೇನ್ ಮೋಡ್ ಆಫ್ ಇದೆಯೇ ನೋಡಿ, ಒಮ್ಮೆ ರೀಸ್ಟಾರ್ಟ್ ಮಾಡಿ. ಪಟ್ಟಿಯಲ್ಲಿ ವೈಫೈ ಹೆಸರೇ ಕಾಣದಿದ್ದರೆ ರೂಟರ್ ವೈಫೈಯ ಎರಡು ಬ್ಯಾಂಡ್‌ಗಳಲ್ಲಿ (2.4 ಮತ್ತು 5 ಗಿಗಾಹರ್ಟ್ಸ್) 5 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಸಿಗ್ನಲ್ ಬಿಡುತ್ತಿರಬಹುದು. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಅನೇಕಕ್ಕೆ ಅದು ಕಾಣುವುದೇ ಇಲ್ಲ. ದಪ್ಪ ಮಣ್ಣಿನ ಗೋಡೆಯ ಹಳೆ ಮನೆಗಳಲ್ಲಿ ಅದು ಎರಡನೇ ಕೋಣೆಗೂ ತಲುಪುವುದು ಕಷ್ಟ. ಅಲ್ಲಿಗೆ 2.4 ಗಿಗಾಹರ್ಟ್ಸೇ ಸರಿ. ಸಿಗ್ನಲ್ ಹಿಡಿದು ಮುಂದಕ್ಕೆ ಬಿಡುವ ಅಗ್ಗದ ರಿಪೀಟರ್ ಕೊಳ್ಳಬೇಡಿ. ಅರ್ಧ ವೇಗವನ್ನು ಅದೇ ನುಂಗುತ್ತದೆ. ಒಂದು ಲ್ಯಾನ್ ಕೇಬಲ್ ಎಳೆಸಿ, ಆಚೆ ತುದಿಗೆ ಇನ್ನೊಂದು ರೂಟರ್ ಇಡಿಸಿ.

ಹಂತ 4: 'ಕನೆಕ್ಟೆಡ್, ನೋ ಇಂಟರ್ನೆಟ್'. ಹೆಚ್ಚಿನವರು ಸೋಲುವುದು ಇಲ್ಲೇ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ವೈಫೈ ಪ್ರಾಪರ್ಟೀಸ್ ತೆರೆದು ಕೆಳಗೆ ಸರಿದರೆ 'ಐಪಿವಿ4 ಅಡ್ರೆಸ್' ಎಂಬ ಸಾಲು ಇರುತ್ತದೆ. ಅದರ ಮೊದಲ ಅಂಕಿಗಳನ್ನು ಓದಿ.

169.254 ಎಂದು ಶುರುವಾದರೆ ರೂಟರ್ ನಿಮ್ಮ ಕಂಪ್ಯೂಟರಿಗೆ ವಿಳಾಸವನ್ನೇ ಕೊಟ್ಟಿಲ್ಲ. ಕಾದು ಸಿಗದೆ ಕಂಪ್ಯೂಟರ್ ತಾನೇ ಒಂದು ಅಂಕಿ ಹಾಕಿಕೊಂಡಿದೆ. ಆ ವೈಫೈ ಹೆಸರಿನ ಮೇಲೆ 'ಫರ್ಗೆಟ್' ಕೊಟ್ಟು, ಪಾಸ್‌ವರ್ಡ್ ಹೊಸದಾಗಿ ಹಾಕಿ ಸೇರಿಸಿ. ಅಕ್ಷರ ಕಾಣುವಂತೆ ಕಣ್ಣಿನ ಗುರುತು ಒತ್ತಿಕೊಂಡೇ ಟೈಪ್ ಮಾಡಿ. 'ಐಪಿ ಅಸೈನ್‌ಮೆಂಟ್' ಎಂಬಲ್ಲಿ 'ಮ್ಯಾನುಯಲ್' ಇದ್ದರೆ 'ಆಟೋಮ್ಯಾಟಿಕ್' ಮಾಡಿ. ಆಫೀಸಿನಿಂದ ಮನೆಗೆ ತಂದ ಲ್ಯಾಪ್‌ಟಾಪ್‌ಗಳಲ್ಲಿ ಮೊದಲು ನೋಡಬೇಕಾದ ಜಾಗ ಇದು.

192.168 ಎಂದಿದ್ದರೆ ಹೆಚ್ಚಾಗಿ ರೂಟರಿನ ತನಕ ದಾರಿ ಸರಿಯಿರುತ್ತದೆ. ಆಗ 'ಡಿಎನ್‌ಎಸ್' (ವೆಬ್‌ಸೈಟಿನ ಹೆಸರಿಗೆ ಅಂಕಿಯ ವಿಳಾಸ ಹುಡುಕಿಕೊಡುವ ಸೇವೆ) ಸಾಲು ನೋಡಿ. ಯಾರೋ ಹಿಂದೆ ತುಂಬಿಸಿದ ಅಂಕಿಗಳು ಅಲ್ಲಿ ಉಳಿದಿದ್ದರೆ ಅದನ್ನೂ ಆಟೋಮ್ಯಾಟಿಕ್‌ಗೆ ತನ್ನಿ. ಸರಿಹೋಗದಿದ್ದರೆ ಗೂಗಲ್‌ನ 8.8.8.8 ಅಥವಾ ಕ್ಲೌಡ್‌ಫ್ಲೇರ್‌ನ 1.1.1.1 ಹಾಕಿ ನೋಡಿ. ವಿಪಿಎನ್ (ನೆಟ್ಟನ್ನು ಬೇರೆ ಸರ್ವರಿನ ಮೂಲಕ ಹಾಯಿಸುವ ಸಾಫ್ಟ್‌ವೇರ್), ಅವಧಿ ಮುಗಿದ ಆಂಟಿವೈರಸ್ ಇದ್ದರೆ ತೆಗೆಯಿರಿ.

ನೆಟ್ ಇದೆ, ಆದರೆ ಪ್ರತಿ ಪುಟವೂ 'ಸುರಕ್ಷಿತವಲ್ಲ' ಎಂದು ಹೆದರಿಸುತ್ತಿದ್ದರೆ ಪರದೆಯ ಮೂಲೆಯ ತಾರೀಖು ನೋಡಿ. ಡೆಸ್ಕ್‌ಟಾಪಿನ ಮದರ್‌ಬೋರ್ಡಿನಲ್ಲಿ ನಾಣ್ಯದಂತಹ ಸಿಆರ್ 2032 ಬ್ಯಾಟರಿ ಇರುತ್ತದೆ. ಅದು ಸತ್ತಿದ್ದರೆ ಕರೆಂಟು ಹೋಗಿ ಬಂದಾಗಲೆಲ್ಲ ತಾರೀಖು ವರ್ಷಗಟ್ಟಲೆ ಹಿಂದೆ ಓಡುತ್ತದೆ, ಬ್ರೌಸರ್ ವೆಬ್‌ಸೈಟುಗಳನ್ನು ನಂಬುವುದಿಲ್ಲ. ಬೆಲೆ ಹೆಚ್ಚಲ್ಲ, ವಾಚಿನ ಅಂಗಡಿಯಲ್ಲೂ ಸಿಗುತ್ತದೆ.

ಹಂತ 5: ಇಷ್ಟಾದರೂ ಆಗದಿದ್ದರೆ ಮಾತ್ರ ವಿಂಡೋಸ್‌ನ 'ನೆಟ್‌ವರ್ಕ್ ರೀಸೆಟ್'. ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳೆಲ್ಲ ಹೋಗುತ್ತವೆ, ಮೊದಲೇ ಬರೆದಿಟ್ಟುಕೊಳ್ಳಿ. ಡ್ರೈವರ್ (ವೈಫೈ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಬೇಕಾದರೆ ಮೊಬೈಲನ್ನು ಯುಎಸ್‌ಬಿ ವೈರಿನಲ್ಲಿ ಸಿಕ್ಕಿಸಿ 'ಯುಎಸ್‌ಬಿ ಟೆದರಿಂಗ್' ಆನ್ ಮಾಡಿ, ವೈಫೈ ಇಲ್ಲದೆಯೂ ನೆಟ್ ಬರುತ್ತದೆ. ಲ್ಯಾಪ್‌ಟಾಪ್ ತಯಾರಕರ ಸೈಟಿನಿಂದಲೇ ಇಳಿಸಿಕೊಳ್ಳಿ. 'ಎಲ್ಲ ಡ್ರೈವರ್ ಒಂದೇ ಕ್ಲಿಕ್ಕಿನಲ್ಲಿ' ಎನ್ನುವ ಉಚಿತ ಸಾಫ್ಟ್‌ವೇರ್‌ಗಳನ್ನು ಹತ್ತಿರಕ್ಕೂ ಸೇರಿಸಬೇಡಿ. ಜಾಹೀರಾತು ತುಂಬಿ ಕಂಪ್ಯೂಟರನ್ನೇ ಮಲಗಿಸುತ್ತವೆ.

ಸಿಡಿಲು ಹೊಡೆದ ರಾತ್ರಿಯ ಮರುದಿನ ವೈಫೈ ಗುರುತೇ ಮಾಯವಾಗಿದ್ದರೆ ಡಾಂಗಲ್ (ಯುಎಸ್‌ಬಿಗೆ ಸಿಕ್ಕಿಸುವ ವೈಫೈ ಸಾಧನ) ಅಥವಾ ಒಳಗಿನ ವೈಫೈ ಕಾರ್ಡ್ ಸುಟ್ಟಿರುವ ಸಾಧ್ಯತೆ ಹೆಚ್ಚು. ಹೊಸ ಡಾಂಗಲ್ ಕೊಳ್ಳುವಾಗ ಎರಡೂ ಬ್ಯಾಂಡ್ ಹಿಡಿಯುವುದನ್ನೇ ಕೇಳಿ. ಯುಎಸ್‌ಬಿ 3 ಹಾರ್ಡ್ ಡಿಸ್ಕಿನ ಪಕ್ಕದ ಪೋರ್ಟಿಗೆ ಹಾಕಬೇಡಿ, 2.4 ಗಿಗಾಹರ್ಟ್ಸ್ ಸಿಗ್ನಲ್‌ಗೆ ಅದು ಅಡ್ಡಿಮಾಡುತ್ತದೆ. ಒಂದು ಗಿಡ್ಡ ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರ್ ಹಾಕಿ, ಡಾಂಗಲನ್ನು ಮೇಜಿನ ಮೇಲೆ ಬಯಲಿಗೆ ತಂದಿಡಿ.