ಇಂಟರ್‌ವ್ಯೂಗೆ ಹೊರಟಿರಾ? ಬಾಯಿಪಾಠ ಮನೆಯಲ್ಲೇ ಬಿಡಿ

ತೋರಣಗಲ್ಲು, ಗಿಣಿಗೇರಾ, ಶಕ್ತಿನಗರ ಅಂತ ಕಾರ್ಖಾನೆಯ ಊರುಗಳನ್ನು ಸುತ್ತಿ ಸಂದರ್ಶನದ ಮೇಜಿನ ಈಚೆ, ಪ್ರಶ್ನೆ ಕೇಳುವ ಬದಿಗೆ ಬಹಳ ವರ್ಷ ಕೂತವನು ನಾನು. ಐಟಿಐ, ಡಿಪ್ಲೊಮಾ ಮುಗಿಸಿದ ನಮ್ಮ ಹುಡುಗ ಹುಡುಗಿಯರಿಗೆ ಕೆಲಸ ಬರುತ್ತದೆ, ಹೇಳಲು ಬರುವುದಿಲ್ಲ. ಹೆಚ್ಚಿನವರು ಮುಗ್ಗರಿಸುವುದು ಮೂರನೇ ಹಂತದಲ್ಲಿ. ಮೊದಲೆರಡನ್ನು ಬೇಗ ಮುಗಿಸೋಣ.

ಹಂತ 1: ಕಾಗದಪತ್ರ

ಮೂಲ ಅಂಕಪಟ್ಟಿಗಳು, ಆಧಾರ್, ಎರಡು ಸೆಟ್ ಜೆರಾಕ್ಸ್, ಫೋಟೊ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಇವತ್ತೇ ತಿದ್ದಿಸಲು ಓಡಾಡಿ. ಕಲ್ಯಾಣ ಕರ್ನಾಟಕದ ಸ್ಥಳೀಯರ ಮೀಸಲಾತಿಯ 371 (ಜೆ) ಪ್ರಮಾಣಪತ್ರ ಇರುವುದು ಸರ್ಕಾರಿ ನೇಮಕಾತಿಗೆ, ಕಾಲೇಜು ಸೀಟಿಗೆ. ಖಾಸಗಿ ಕಾರ್ಖಾನೆಯಲ್ಲಿ ಕೂತ ಕೂಡಲೇ ಅದನ್ನು ಚಾಚಬೇಡಿ.

ಹಂತ 2: ಬಯೋಡೇಟಾ

ಒಂದೇ ಪುಟ ಸಾಕು. ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಒಂದು ನಮೂನೆ ಇರುತ್ತದೆ, ಹೆಸರು ಬದಲಿಸಿ ಊರಿಗೆಲ್ಲ ಅದನ್ನೇ ಹಂಚುತ್ತಾರೆ. ಒಬ್ಬನದರಲ್ಲಿ ಹಿಂದಿನ ಗಿರಾಕಿಯ ಅಪ್ಪನ ಹೆಸರೇ ಉಳಿದುಬಿಟ್ಟಿತ್ತು.

ಹಂತ 3: ‘ನಿಮ್ಮ ಬಗ್ಗೆ ಹೇಳಿ’

ಈ ಮಾತು ಕಿವಿಗೆ ಬಿದ್ದದ್ದೇ ಹುಡುಗರು ‘ಮೈಸೆಲ್ಫ್...’ ಅಂತ ಶುರುಮಾಡಿ ರೈಲು ಬಿಡುತ್ತಾರೆ. ಊರು, ಅಪ್ಪ, ಅವ್ವ, ತಮ್ಮ, ತಂಗಿ, ಹವ್ಯಾಸ. ನಡುವೆ ನಾವು ಕೆಮ್ಮಿದರೂ ಸಾಕು, ಹಳಿ ತಪ್ಪಿ ಮತ್ತೆ ‘ಮೈಸೆಲ್ಫ್’ಗೇ ವಾಪಸ್. ಮೂವತ್ತು ದಿನದಲ್ಲಿ ಇಂಗ್ಲಿಷ್ ಅನ್ನುವ ತರಬೇತಿ ಕೇಂದ್ರಗಳು ಕಲಿಸುವುದು ಇದನ್ನೇ. ಆ ದುಡ್ಡಲ್ಲಿ ಒಳ್ಳೆಯ ಬೂಟು ಕೊಳ್ಳಿ.

ಎದುರಿಗೆ ಕೂತವರಿಗೆ ಬೇಕಾದದ್ದು ನಿಮ್ಮ ವಂಶಾವಳಿಯಲ್ಲ. ಹೆಸರು, ಊರು, ಓದು ಒಂದೇ ಉಸಿರಿಗೆ ಹೇಳಿ ಮುಗಿಸಿ, ನೇರ ನೀವೇ ಕೈಯಾರೆ ಮಾಡಿದ ಒಂದು ಕೆಲಸಕ್ಕೆ ಬನ್ನಿ. ಒಂದೇ ಸಾಕು, ಆದರೆ ಅದರ ತಳ ಗೊತ್ತಿರಬೇಕು.

ಕಾರಟಗಿ ಕಡೆಯ ಒಬ್ಬ ಫಿಟ್ಟರ್ ಹುಡುಗ ಇಂಗ್ಲಿಷಿನಲ್ಲಿ ತಡವರಿಸುತ್ತಿದ್ದ. ‘ಕನ್ನಡದಾಗ ಹೇಳಪ್ಪ’ ಅಂದೆ. ‘ಸರ್, ರಜಾದಾಗ ರೈಸ್ ಮಿಲ್ಲಿಗೆ ಹೋಗ್ತಿದ್ದೆ. ಮೋಟಾರ್ ಸದ್ದು ಮಾಡ್ತಿತ್ತು, ಬೇರಿಂಗ್ ಬದಲು ಮಾಡಿದೆ’ ಅಂದ. ಯಾವ ಬೇರಿಂಗ್? ‘6205 ಸರ್.’ ಅಂದರೆ ಒಳವ್ಯಾಸ ಎಷ್ಟು? ‘ಕೊನೇ ಎರಡಂಕಿಗೆ ಐದರಿಂದ ಗುಣಿಸಿದ್ರ 25 ಮಿಲಿಮೀಟರ್.’ ಹಳೆಯದನ್ನು ಹೇಗೆ ತೆಗೆದೆ? ‘ಪುಲ್ಲರ್ ಹಚ್ಚಿ. ಸುತ್ತಿಗೆಯಿಂದ ಹೊಡದ್ರ ಶಾಫ್ಟ್ ಕೆಡ್ತದ ಸರ್.’ ಅಷ್ಟರಲ್ಲಿ ಪಕ್ಕದವರು ಅವನ ಹೆಸರಿನ ಮುಂದೆ ಗುರುತು ಹಾಕಿಯಾಗಿತ್ತು.

ಈಗ ನಿಮ್ಮದನ್ನು ಸಿದ್ಧಮಾಡಿ. ಮಾಡಿದ ಕೆಲಸವನ್ನು ನಾಲ್ಕು ಸಾಲು ಬರೆದು, ಪ್ರತಿ ಸಾಲಿನ ಕೆಳಗೆ ‘ಯಾಕೆ?’, ‘ಎಷ್ಟು?’, ‘ಯಾವುದರಿಂದ?’ ಅಂತ ನೀವೇ ಪ್ರಶ್ನೆ ಹಾಕಿಕೊಳ್ಳಿ. ವರ್ನಿಯರ್ ಬಳಸಿದೆ ಅಂದರೆ ಲೀಸ್ಟ್ ಕೌಂಟ್, ಅಂದರೆ ಅದು ಅಳೆಯಬಲ್ಲ ಅತಿ ಚಿಕ್ಕ ಅಳತೆ, ಕೇಳಿಯೇ ಕೇಳುತ್ತಾರೆ: ಐಟಿಐಯಲ್ಲಿ ನೀವು ಹಿಡಿದದ್ದು ಸಾಮಾನ್ಯವಾಗಿ 0.02 ಮಿಲಿಮೀಟರಿನದು, ಮೈಕ್ರೋಮೀಟರ್ ಆದರೆ 0.01. ಎಲೆಕ್ಟ್ರೀಷಿಯನ್ ಆಗಿದ್ದರೆ ಮೆಗ್ಗರ್ ಅಳೆಯುವುದು ಇನ್ಸುಲೇಷನ್ ರೆಸಿಸ್ಟೆನ್ಸ್ (ವೈರಿನ ಹೊದಿಕೆ ಕರೆಂಟನ್ನು ಎಷ್ಟು ತಡೆಯುತ್ತದೆ ಅನ್ನುವುದು) ಎಂಬುದು ನಿದ್ದೆಯಲ್ಲೂ ಬಾಯಿಗೆ ಬರಬೇಕು. ಆಮೇಲೆ ಆ ನಾಲ್ಕು ಸಾಲನ್ನು ಅಣ್ಣನಿಗೋ ಅಕ್ಕನಿಗೋ ಹೇಳಿ, ನಡುನಡುವೆ ತಡೆದು ಕೇಳಲು ಹೇಳಿ. ತಡೆದರೂ ಮಾತು ಮುಂದುವರಿದರೆ ಅದು ಬಾಯಿಪಾಠವಲ್ಲ. ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಬೇಡಿ, ಕನ್ನಡಿ ಪ್ರಶ್ನೆ ಕೇಳುವುದಿಲ್ಲ.

ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ ಸರ್’ ಅನ್ನಿ. ಸೂರು ನೋಡುತ್ತಾ ಉತ್ತರ ಹೊಸೆಯುವವರನ್ನು ನಾವು ಎರಡನೇ ಪ್ರಶ್ನೆಗೇ ಹಿಡಿಯುತ್ತೇವೆ. ದುಡ್ಡು ಕೊಟ್ಟು ತಂದ ಅನುಭವ ಪತ್ರದ ಗತಿಯೂ ಅಷ್ಟೇ.

ಹಂತ 4: ಬಟ್ಟೆ, ಪ್ರಯಾಣ

ತಿಳಿ ಬಣ್ಣದ ಇಸ್ತ್ರಿ ಅಂಗಿ, ಕಪ್ಪು ಪ್ಯಾಂಟು. ಹುಡುಗಿಯರಿಗೆ ಸಾದಾ ಚೂಡಿದಾರ್. ಬಳ್ಳಾರಿ ಬಿಸಿಲಿಗೆ ಟೈ ಬೇಡವೇ ಬೇಡ. ಅದಿರಿನ ಲಾರಿ ಓಡುವ ರಸ್ತೆಯಲ್ಲಿ ಬಿಳಿ ಅಂಗಿ ತೊಟ್ಟು ಬೈಕಿನಲ್ಲಿ ಬಂದರೆ ಇಳಿಯುವಾಗ ಅದು ಕೆಂಪಾಗಿರುತ್ತದೆ. ಬಸ್ಸಿಗೆ ಬನ್ನಿ, ಒಂದು ಗಂಟೆ ಮೊದಲೇ ಮುಟ್ಟಿ, ಗೇಟಿನ ಹತ್ತಿರ ಮುಖ ತೊಳೆದು, ಬೂಟು ಒರೆಸಿ ಒಳಗೆ ಹೋಗಿ. ಗೇಟಿನ ಸೆಕ್ಯೂರಿಟಿಯವರ ಜೊತೆ ದರ್ಪದ ಮಾತು ಬೇಡ. ಸುದ್ದಿ ನಿಮಗಿಂತ ಮೊದಲು ಒಳಗೆ ಬರುತ್ತದೆ.

ಹಂತ 5: ಮುಗಿದ ಮೇಲೆ

ನಮಸ್ಕಾರ ಹೇಳಿ ಎದ್ದುಬನ್ನಿ. ‘ಸೆಲೆಕ್ಟ್ ಆಗಿದೀರಿ, ಡಿಪಾಸಿಟ್ ಕಟ್ಟಿ’ ಅನ್ನುವ ಫೋನ್ ಬಂದರೆ ಒಂದು ರೂಪಾಯಿಯೂ ಕೊಡಬೇಡಿ. ಇನ್ನು ನಿಮ್ಮ ಕಾಲರ್ ಟ್ಯೂನ್: ನೇಮಕದ ಸುದ್ದಿ ಹೇಳಲು ಒಬ್ಬ ಹುಡುಗನಿಗೆ ಫೋನ್ ಮಾಡಿ, ಹೀರೊನ ಡೈಲಾಗಿನಲ್ಲಿ ನಾನೇ ಬೈಸಿಕೊಂಡಿದ್ದೇನೆ. ಇವತ್ತು ಸಂಜೆಯೊಳಗೆ ತೆಗೆಸಿಬಿಡಿ.