ಕೈಹೆಣಿಗೆ ಸ್ವೆಟರಿಗೆ ಜಿಪ್ ಹೊಲಿಯುವುದು ಹೇಗೆ?

ಸ್ವೆಟರ್ ಹೆಣೆದು ಮುಗಿಸಿ, ಜಿಪ್ ಹಾಕಲು ಟೇಲರ್ ಅಂಗಡಿಗೆ ಕೊಡುವವರೇ ಜಾಸ್ತಿ. ಮಷಿನ್ನಿಗೆ ಕೊಟ್ಟರೆ ಹೆಣಿಗೆ ಹಿಗ್ಗಿ, ಮುಂಭಾಗ ಅಲೆಅಲೆಯಾಗಿ ಬರುತ್ತದೆ. ಟೇಲರನ್ನು ಬೈದು ಪ್ರಯೋಜನವಿಲ್ಲ. ಉಲ್ಲನ್ ಹಿಗ್ಗುತ್ತದೆ, ಜಿಪ್ಪಿನ ಪಟ್ಟಿ ಹಿಗ್ಗುವುದಿಲ್ಲ. ಇವೆರಡನ್ನು ಹೊಂದಿಸಲು ಕೈಹೊಲಿಗೆಯೇ ಸರಿ.

ಮೊದಲು ಸ್ವೆಟರ್ ತೊಳೆಯಿರಿ. ಹೊಸದನ್ನು ಯಾಕೆ ತೊಳೆಯಬೇಕು ಅನ್ನಬೇಡಿ, ಒಮ್ಮೆ ನೀರು ಕಂಡ ಮೇಲೇ ಹೆಣಿಗೆಯ ನಿಜವಾದ ಅಳತೆ ಸಿಗುವುದು. ಹಿಂಡದೆ, ಟವೆಲಿನಲ್ಲಿ ಸುತ್ತಿ ನೀರು ಒತ್ತಿ ತೆಗೆಯಿರಿ. ಚಾಪೆಯ ಮೇಲೆ ಹರಡಿ, ಮುಂಭಾಗದ ಎರಡೂ ಅಂಚು ಒಂದೇ ಉದ್ದಕ್ಕೆ ಬರುವಂತೆ ಕೈಯಲ್ಲೇ ಸರಿಮಾಡಿ. ಹಗ್ಗದ ಮೇಲೆ ಹಾಕಿದರೆ ನೀರಿನ ಭಾರಕ್ಕೆ ಜೋತುಬೀಳುತ್ತದೆ. ಶಿರಸಿ ಕಡೆಯವರು ಮಳೆಗಾಲದಲ್ಲಿ ಈ ಕೆಲಸ ಹಿಡಿಯದಿರುವುದೇ ಒಳ್ಳೆಯದು. ಕರವಸ್ತ್ರವೇ ಒಣಗದ ದಿನಗಳಲ್ಲಿ ಸ್ವೆಟರ್ ಒಣಗುತ್ತದಾ? ದೀಪಾವಳಿ ಕಳೆಯಲಿ. ಬಿಸಿಲೂ ಇರುತ್ತದೆ, ಘಟ್ಟದ ಮೇಲೆ ಚಳಿಯೂ ಶುರುವಾಗಿರುತ್ತದೆ.

ಇನ್ನು ಜಿಪ್. ಕೆಳತುದಿಯಲ್ಲಿ ಪೂರ್ತಿ ಬಿಚ್ಚಿಕೊಳ್ಳುವ ಜಾಕೆಟ್ ಜಿಪ್ಪೇ ಬೇಕು, ಪ್ಯಾಂಟಿನದು ಆಗುವುದಿಲ್ಲ. ದೊಡ್ಡವರ ಸ್ವೆಟರಿಗೆ 5ನೇ ನಂಬರ್, ಮಕ್ಕಳದಕ್ಕೆ 3 ಸಾಕು. ಮುಚ್ಚಿದಾಗ ಹಲ್ಲಿನ ಸಾಲು ಹೆಚ್ಚುಕಡಿಮೆ ಅಷ್ಟು ಮಿಲಿಮೀಟರ್ ಅಗಲ ಇರುತ್ತದೆ. ಕಾರವಾರ, ಅಂಕೋಲಾ, ಕುಮಟಾದವರು ಲೋಹದ ಹಲ್ಲು ಬಿಟ್ಟು ನೈಲಾನ್ ಅಥವಾ ಪ್ಲಾಸ್ಟಿಕ್ ತೆಗೆದುಕೊಳ್ಳಿ. ಉಪ್ಪುಗಾಳಿಗೆ ಲೋಹ ಬೇಗ ಕಿಲುಬು ಹಿಡಿಯುತ್ತದೆ, ಆ ಕಲೆ ಉಲ್ಲನ್ನಿಗೂ ತಾಗುತ್ತದೆ. ಬಣ್ಣ ಸರಿಯಾಗಿ ಹೊಂದದಿದ್ದರೆ, ಹೆಚ್ಚುಕಡಿಮೆ ಹೋಲುವ ಬಣ್ಣಕ್ಕಿಂತ ಪೂರ್ತಿ ಬೇರೆಯದೇ ಚೆಂದ.

ಉದ್ದ ಅಳೆಯುವಾಗ ಸ್ವೆಟರನ್ನು ಮೇಜಿನ ಮೇಲೆ ಸುಮ್ನೆ ಬಿಡಿ, ಎಳೆಯಬೇಡಿ. ಅದೇ ಅಳತೆಯ ಜಿಪ್ ಸಿಗದಿದ್ದರೆ ಉದ್ದದ್ದು ತಂದು ಮೇಲಿನಿಂದ ಕತ್ತರಿಸಬಹುದು. ಬೇಕಾದ ಉದ್ದಕ್ಕೆ ಗುರುತು ಹಾಕಿಕೊಳ್ಳಿ. ಕತ್ತರಿ ಹಾಕುವ ಮೊದಲು ರನ್ನರನ್ನು, ಅಂದರೆ ಜಿಪ್ ಎಳೆಯುವ ಗುಂಡಿಯನ್ನು, ಆ ಗುರುತಿನಿಂದ ಕೆಳಗೆ ಇಳಿಸಿರಬೇಕು. ಇಲ್ಲದಿದ್ದರೆ ತುಂಡಿನ ಜೊತೆ ರನ್ನರೂ ಹೋಯಿತು! ಆಮೇಲೆ ಎರಡೂ ಬದಿಯ ಮೇಲ್ತುದಿಯ ಹಲ್ಲಿನ ಮೇಲೆ ದಪ್ಪಗೆ ನಾಲ್ಕಾರು ಸಲ ದಾರ ಸುತ್ತಿ ಹೊಲಿಯಿರಿ. ರನ್ನರ್ ಅಲ್ಲಿಗೇ ನಿಲ್ಲುತ್ತದೆ.

ಅಂಚು ಸುರುಳಿ ಸುತ್ತಿಕೊಳ್ಳುತ್ತಿದ್ದರೆ ಕ್ರೋಶಾ ಕಡ್ಡಿಯಲ್ಲಿ ಒಂದು ಸಾಲು ಹಾಕಿ ಗಟ್ಟಿಮಾಡಿಕೊಳ್ಳಿ.

ಇಲ್ಲಿಂದ ಮುಂದೆ ಅವಸರ ಬೇಡ. ಜಿಪ್ ಮುಚ್ಚಿಯೇ ಇರಲಿ. ಅದನ್ನು ಸ್ವೆಟರಿನ ಒಳಗಿನಿಂದ ಇಟ್ಟು ಮೊದಲು ಕೆಳತುದಿಗೆ, ಆಮೇಲೆ ಮೇಲ್ತುದಿಗೆ ಗುಂಡುಪಿನ್ ಚುಚ್ಚಿ. ನಂತರ ಸರಿಯಾಗಿ ನಡುವೆ, ಆಮೇಲೆ ಕಾಲು ಮತ್ತು ಮುಕ್ಕಾಲು ಭಾಗಕ್ಕೆ. ಒಂದು ತುದಿಯಿಂದ ಚುಚ್ಚುತ್ತಾ ಹೋದರೆ ಕೊನೆಗೆ ಹೆಣಿಗೆ ಉಳಿದುಬಿಡುತ್ತದೆ. ಈಗ ಅಲ್ಪಸ್ವಲ್ಪ ಹೆಚ್ಚಿದ್ದರೂ ಎಲ್ಲ ಕಡೆ ಸಮನಾಗಿ ಹಂಚಿಹೋಗುತ್ತದೆ. ಪಟ್ಟೆ ಇರುವ ಸ್ವೆಟರಾದರೆ ಎಡದ ಪಟ್ಟೆ ಬಲದ್ದಕ್ಕೆ ಎದುರಾಗಿದೆಯಾ ನೋಡಿ. ಹೆಣಿಗೆಯ ಅಂಚು ಹಲ್ಲಿಗೆ ತಾಗದೆ ಮೂರು ಮಿಲಿಮೀಟರ್ ದೂರವಿರಲಿ, ಉಲ್ಲನ್ ರನ್ನರಿಗೆ ಸಿಕ್ಕಿಕೊಳ್ಳುವುದು ಅಲ್ಲೇ.

ಬೇರೆ ಬಣ್ಣದ ದಾರದಲ್ಲಿ ದೂರದೂರ ಕಚ್ಚಾ ಹೊಲಿಗೆ ಹಾಕಿ, ಪಿನ್ ತೆಗೆದು, ಒಮ್ಮೆ ಹಾಕಿಕೊಂಡು ಕನ್ನಡಿ ನೋಡಿ. ಅಲೆ ಕಂಡರೆ ಬಿಚ್ಚುವುದು ಈಗಲೇ ಸುಲಭ.

ಸರಿಯಿದ್ದರೆ ಜಿಪ್ ತೆರೆದು ಪಕ್ಕಾ ಹೊಲಿಗೆ ಶುರುಮಾಡಿ. ಹೊಲಿಗೆ ದಾರವೇ ಸಾಕು, ಉಲ್ಲನ್ ಬೇಡ. ಎರಡೂ ಬದಿ ಕೆಳಗಿನಿಂದ ಮೇಲಕ್ಕೇ ಹೊಲಿಯಿರಿ. ಹೊರಮೈಯಲ್ಲಿ, ಹೆಣಿಗೆಯ ಕಣ್ಣುಗಳ (ಕುಣಿಕೆಗಳ) ಎರಡು ಸಾಲಿನ ನಡುವಿನ ತಗ್ಗಿನಲ್ಲಿ, ಸೂಜಿಯನ್ನು ಒಂದು ಹೆಜ್ಜೆ ಮುಂದೆ ತೆಗೆದು ಅರ್ಧ ಹೆಜ್ಜೆ ಹಿಂದೆ ಚುಚ್ಚುತ್ತಾ ಹೋದರೆ ದಾರ ಕಾಣುವುದೇ ಇಲ್ಲ. ದಾರ ಬಿಗಿಯಾಗಿ ಜಗ್ಗಬೇಡಿ. ಆಮೇಲೆ ಒಳಮಗ್ಗುಲಲ್ಲಿ ಪಟ್ಟಿಯ ಹೊರ ಅಂಚನ್ನು ಉಲ್ಲನ್ನಿನ ಅರ್ಧ ಎಳೆ ಮಾತ್ರ ಹಿಡಿದು ಹೆಮ್ಮಿಂಗ್ ಮಾಡಿ. ಮೇಲೆ ಉಳಿದ ಪಟ್ಟಿಯನ್ನು ಒಳಕ್ಕೆ ಮಡಚಿ ಹೊಲಿದುಬಿಡಿ, ಇಲ್ಲದಿದ್ದರೆ ಗಂಟಲಿಗೆ ಚುಚ್ಚುತ್ತದೆ. ಕಚ್ಚಾ ದಾರ ಕೊನೆಗೆ ಕೀಳಿ.

ಮುಂದೆ ತೊಳೆಯುವಾಗೆಲ್ಲ ಜಿಪ್ ಮುಚ್ಚಿರಲಿ. ರನ್ನರ್ ಬಿಗಿಯಾದರೆ ಹಲ್ಲಿನ ಮೇಲೆ ಮೇಣದಬತ್ತಿ ಉಜ್ಜಿ, ಎಣ್ಣೆ ಮಾತ್ರ ಹಚ್ಚಬೇಡಿ.