ಲಾವಾ ಕಲ್ಲನ್ನು ಓದುವ ಬಗೆ

ಕಲ್ಲಿನ ಹೆಸರು ಗೊತ್ತಿಲ್ಲವೆಂದು ಹಿಂಜರಿಯಬೇಕಾಗಿಲ್ಲ. ಈ ಲಾವಾ ಎಲ್ಲಿ ಆರಿತು, ನೀರಿನಲ್ಲೋ ಗಾಳಿಯಲ್ಲೋ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಹೊರಟರೂ ಬಂಡೆ ಸಾಕಷ್ಟು ಹೇಳುತ್ತದೆ. ಒಂದು ಭೂತಗನ್ನಡಿ, ಬರೆದುಕೊಳ್ಳಲು ಪುಸ್ತಕ, ಬಾಟಲಿಯಲ್ಲಿ ನೀರು ಇದ್ದರೆ ಸಾಕು; ಒದ್ದೆಯಾದ ಕಲ್ಲಿನಲ್ಲಿ ಬಣ್ಣವೂ ಹರಳೂ ಎದ್ದು ಕಾಣುತ್ತವೆ. ಸುತ್ತಿಗೆ ಮನೆಯಲ್ಲಿಯೇ ಇರಲಿ, ಏಕೆಂದರೆ ಮುಂದೆ ಹೇಳುವ ಮೊದಲೆರಡು ತಾಣಗಳೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು.

ಅಭ್ಯಾಸವನ್ನು ಚಿತ್ರದುರ್ಗದ ಸಮೀಪದ ಮರಡಿಹಳ್ಳಿಯಿಂದ ಆರಂಭಿಸುವುದು ಒಳ್ಳೆಯದು. ಅಲ್ಲಿ ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯ ಬಂಡೆ ದಿಂಬುಗಳನ್ನು ಒತ್ತೊತ್ತಾಗಿ ಪೇರಿಸಿಟ್ಟಂತೆ ಕಾಣುತ್ತದೆ. ನೀರಿನೊಳಗೆ ಉಕ್ಕಿದ ಲಾವಾದ ಹೊರಮೈ ತಣ್ಣೀರು ತಗುಲಿದೊಡನೆ ಗಟ್ಟಿಯಾಗುತ್ತದೆ. ಒಳಗಿನ ಬಿಸಿ ರಸ ಆ ಸಿಪ್ಪೆಯನ್ನು ಉಬ್ಬಿಸಿ, ಬಿರುಕಿನಿಂದ ಹೊರಗೆ ನುಗ್ಗಿ, ಮತ್ತೊಂದು ದಿಂಬಾಗುತ್ತದೆ. ಒಂದು ದಿಂಬಿನ ಅಂಚಿಗೆ ಭೂತಗನ್ನಡಿ ಹಿಡಿದು ನಿಧಾನವಾಗಿ ನಡುವಿನ ಕಡೆಗೆ ಸರಿಸುತ್ತ ಬನ್ನಿ. ಬೇಗ ಆರಿದ ಅಂಚಿನಲ್ಲಿ ಕಣಗಳು ಬಹಳ ನುಣುಪು, ತಡವಾಗಿ ಆರಿದ ನಡುವಿನಲ್ಲಿ ಕೊಂಚ ಒರಟು.

ಇದಕ್ಕಿಂತ ಸ್ವಾರಸ್ಯದ ಗುರುತು ದಿಂಬಿನ ಆಕಾರದಲ್ಲಿದೆ. ಮೇಲೆ ಬಂದು ಕೂತ ದಿಂಬು ಇನ್ನೂ ಮೆತ್ತಗಿರುವಾಗಲೇ ಕೆಳಗಿನ ಎರಡು ದಿಂಬುಗಳ ಸಂದಿಗೆ ಇಳಿಯುವುದರಿಂದ, ಉಬ್ಬಿದ ಬದಿ ಅಂದಿನ ಮೇಲ್ಭಾಗವೆಂದೂ ಬಾಲದಂತೆ ಚೂಪಾದ ಬದಿ ಅಂದಿನ ತಳವೆಂದೂ ತಿಳಿಯಬೇಕು. ಬಾಲಗಳು ಪಕ್ಕಕ್ಕೆ ಚಾಚಿದ್ದರೆ, ಲಾವಾ ಹರಡಿದ್ದ ಆ ನೀರಡಿಯ ನೆಲವೇ ಆಮೇಲೆ ಮಗ್ಗುಲಾಗಿದೆ ಎಂದರ್ಥ. ಒಂದೇ ದಿಂಬನ್ನು ನೋಡಿ ತೀರ್ಮಾನಿಸಬಾರದು. ಹತ್ತಾರನ್ನು ನೋಡಿ, ಹೆಚ್ಚಿನವು ಹೇಳುವುದನ್ನು ನಂಬಬೇಕು.

ಮಲ್ಪೆಯಿಂದ ದೋಣಿಯಲ್ಲಿ ಹೋಗಬಹುದಾದ ಸೇಂಟ್ ಮೇರೀಸ್ ದ್ವೀಪದಲ್ಲಿ ದಿಂಬುಗಳ ಬದಲು ಕಂಬಗಳಿವೆ. ಮಳೆಗಾಲದಲ್ಲಿ ಅತ್ತ ಹೋಗಲಾಗದು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುವ ಕಾಲದಲ್ಲಿ ಉಕ್ಕಿದ ಲಾವಾ ಇದು. ಒಣಗಿದ ಕೆರೆಯ ಕೆಸರಿನಂತೆ, ಆರುತ್ತ ಕುಗ್ಗಿದ ಲಾವಾ ಬಿರಿದು, ಆ ಬಿರುಕು ಒಳಕ್ಕಿಳಿದು ಕಂಬಗಳಾಗಿವೆ. ಕಂಬದ ತಲೆಯ ಮೂಲೆಗಳನ್ನು ಎಣಿಸಿ: ಆರು ಹೆಚ್ಚು, ಐದು ಏಳೂ ಸಿಗುತ್ತವೆ. ಬಿರುಕು ಆರುವ ಮೇಲ್ಮೈಗೆ ಲಂಬವಾಗಿ ಬೆಳೆಯುವುದರಿಂದ, ಕಂಬ ವಾಲಿದ್ದರೆ ಆ ಮೇಲ್ಮೈ ಯಾವ ಕಡೆಗಿತ್ತೆಂದು ಊಹಿಸಬಹುದು.

ವರ್ಷಗಳ ಲೆಕ್ಕ ಮಾತ್ರ ಕಣ್ಣಿಗೆ ಸಿಗುವುದಲ್ಲ. ಅದಕ್ಕೆ ಖನಿಜದಲ್ಲಿನ ವಿಕಿರಣಶೀಲ ಧಾತುಗಳನ್ನು ಪ್ರಯೋಗಾಲಯದಲ್ಲಿ ಅಳೆಯಬೇಕು. ಆದರೂ ಲಾವಾ ಒಮ್ಮೆ ಉಕ್ಕಿ ಮತ್ತೆ ಉಕ್ಕುವ ನಡುವಿನ ಬಿಡುವಿನ ಸುಳಿವು ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಕಪ್ಪುಕಲ್ಲಿನ ನಾಡಿನಲ್ಲಿ ಸಿಗಬಹುದು. ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಆ ಲಾವಾ ಪದರದ ತಲೆಯಲ್ಲಿ ಅನಿಲ ಬಿಟ್ಟುಹೋದ ತೂತುಗಳಿರುತ್ತವೆ, ಕೆಲವೆಡೆ ಅವುಗಳಲ್ಲಿ ಬಿಳಿಯ ಹರಳು ತುಂಬಿರುತ್ತದೆ. ಎರಡು ಕಪ್ಪು ಪದರಗಳ ನಡುವೆ ಕೆಂಪು ಮಣ್ಣಿನಂಥ ಗೆರೆ ಕಂಡರೆ ಅದರ ದಪ್ಪವನ್ನು ಮೊದಲು ಬರೆದುಕೊಳ್ಳಿ: ಕೆಳಗಿನ ಲಾವಾ ಬಿಸಿಲುಮಳೆಗೆ ಸಿಕ್ಕಿ ಶಿಥಿಲವಾಗುವಷ್ಟು ಕಾಲ ಅಲ್ಲಿ ಬೆಂಕಿ ಸುಮ್ಮನಿತ್ತು.